ಎಂಟು ನಿಮಿಷದ ಮಿಷನ್ನು

ಜೂನ್ 2, ಸೋಮವಾರ

ಹೊರಟದ್ದು 7.10. ತಲುಪಿದ್ದು 7.18. ಷರಾ: ತಾನಾಗಿ ನಿಂತಿತು.

ಇದು ದಿನಚರಿಯಲ್ಲ, ‘ಹೊರಟದ್ದು’, ‘ತಲುಪಿದ್ದು’, ‘ಷರಾ’ ಎಂದು ಕಾಲಂ ಅಚ್ಚಾದ ಪಾರ್ಸೆಲ್ ಪುಸ್ತಕ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಎದ್ದ ದಿನ, ಕೈಗಡಿಯಾರ ಕೊಡುತ್ತಾರೆಂದು ಮಣಿಕಟ್ಟು ತಿಕ್ಕಿ ತೊಳೆದುಕೊಂಡು ಹೋಗಿದ್ದೆ. ಕೊಟ್ಟದ್ದು ಈ ಖಾಲಿ ಪುಸ್ತಕ. ಎರಡು ವರ್ಷ ಖಾಲಿಯೇ ಇತ್ತು. ಇವತ್ತು ಮೆಕ್ಯಾನಿಕ್ ಫೋನಿನಲ್ಲಿ ಬೈದದ್ದರಿಂದ ಹೊರಗೆ ತೆಗೆದೆ.

“ಯಾವಾಗ ಸ್ಟಾರ್ಟ್ ಆಯ್ತು, ಯಾವಾಗ ನಿಂತಿತು, ಒಂದು ಕಡೆ ಬರೆದಿಡಿ ಯಜಮಾನ್ರೇ. ಸುಮ್ನೆ ಓಡಲ್ಲ ಓಡಲ್ಲ ಅಂದ್ರೆ ನಾನೇನು ಕಣಿ ಹೇಳೋನಾ?”

ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಏನನ್ನೂ ಬರೆಯುವುದಿಲ್ಲ.

ಮಿಷನ್ನು ಎಂದರೆ ಹುಲ್ಲು ಕತ್ತರಿಸುವ ಮಿಷನ್ನು. ತಮ್ಮನದು. ತಮ್ಮ ಹೋಗಿ ಇವತ್ತಿಗೆ ಐದು ವಾರ.

ಜೂನ್ 3

ಹೊರಟದ್ದು 7.05. ತಲುಪಿದ್ದು 7.13.

ಷರಾ ಕಾಲಂ ಚಿಕ್ಕದು. ಪಕ್ಕದ ಕಾಲಂಗಳಿಗೂ ಕಾಲು ಚಾಚುತ್ತೇನೆ, ಕೇಳುವವರು ಯಾರಿದ್ದಾರೆ.

ತಮ್ಮ ಶಾಲೆಯ ಮೈದಾನದಲ್ಲಿ ಅರ್ಧ ಹುಲ್ಲು ಕತ್ತರಿಸಿದ ಮೇಲೆ ಕೂತನಂತೆ. ಆಮೇಲೆ ಮಲಗಿದನಂತೆ. ಮಿಷನ್ನು ಪಕ್ಕದಲ್ಲಿ ಗುರುಗುಡುತ್ತಲೇ ಇತ್ತು. ಹಳೆಯದು, ಕೈ ಬಿಟ್ಟರೆ ನಿಲ್ಲುವ ಹೊಸ ಬಗೆಯದಲ್ಲ. ಸದ್ದು ಬರುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ ಎಂದು ಶಾಲೆಯ ಒಳಗಿದ್ದವರೆಲ್ಲ ಅಂದುಕೊಂಡರು. ಪೆಟ್ರೋಲ್ ಮುಗಿದು ಸದ್ದು ನಿಂತ ಮೇಲೆ ಹೆಡ್‌ಮೇಡಂ ಕಿಟಕಿಯಿಂದ ಇಣುಕಿದರು.

ಅವನಿಲ್ಲದೆ ಅಷ್ಟು ಹೊತ್ತು ಓಡಿದ ಮಿಷನ್ನು ನಾನು ಎದುರಿಗಿದ್ದರೆ ಎಂಟು ನಿಮಿಷ ದಾಟುವುದಿಲ್ಲ. ನನ್ನ ಮುಖವೇ ಹಾಗಿರಬೇಕು.

ಜೂನ್ 5

ನಾನು ಈ ಗೋಜಿಗೆ ಸಿಕ್ಕಿದ್ದು ಹೇಗೆಂದು ಬರೆದಿಡಬೇಕು. ಮುಂದೆ ನನ್ನನ್ನು ನಾನೇ ಬೈದುಕೊಳ್ಳಲು ದಾಖಲೆ ಬೇಕಲ್ಲ.

ಮೇ ಕೊನೆಯಲ್ಲಿ ಹೆಡ್‌ಮೇಡಂ ಮನೆಗೆ ಬಂದಿದ್ದರು. ಜೂನ್ ಇಪ್ಪತ್ಮೂರಕ್ಕೆ ಶಾಲೆ ಶುರು, ಹುಲ್ಲು ಮಕ್ಕಳ ಸೊಂಟಕ್ಕೆ ಬಂದಿದೆ, ಇಪ್ಪತ್ತರೊಳಗೆ ಆಗದಿದ್ದರೆ ಬೇರೆಯವರಿಗೆ ವಹಿಸಬೇಕಾಗುತ್ತದೆ, ಆಮೇಲೆ ಮೈದಾನ ಅವರದ್ದೇ ಎಂದರು. ಪಾಪ, ಹೇಳುವಾಗ ಕೈಚೀಲದ ಹಿಡಿಯನ್ನು ತಿರುವುತ್ತಲೇ ಇದ್ದರು. ತಮ್ಮ ಆ ಮೈದಾನವನ್ನು ಹದಿನೇಳು ವರ್ಷ ನೋಡಿಕೊಂಡಿದ್ದ. ತಮ್ಮನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವಳು ತಲೆ ತಗ್ಗಿಸಿದಳು. ಆ ತಲೆ ತಗ್ಗಿಸಿದ್ದನ್ನು ನೋಡಿ ನನ್ನ ಬಾಯಿಂದ “ನಾನು ಮಾಡ್ತೀನಿ ಮೇಡಂ” ಎಂದು ಬಂದೇಬಿಟ್ಟಿತು.

ಮೂವರೂ ಬೆಚ್ಚಿದೆವು. ಎಲ್ಲರಿಗಿಂತ ಹೆಚ್ಚು ನಾನು. ಜೀವಮಾನದಲ್ಲಿ ನಾನು ಕತ್ತರಿಸಿದ್ದೆಂದರೆ ಸೆಣಬಿನ ದಾರ.

ಜೂನ್ 7

ಹೊರಟದ್ದು 6.50. ತಲುಪಿದ್ದು 6.58.

ಎದುರು ಮನೆಯವನು ಬಂದ. ಬಸ್ ಡ್ರೈವರ್ ಆಗಿದ್ದವನು. ಬೀದಿಯವರು ಅವನನ್ನು ಎಕ್ಸ್‌ಪ್ರೆಸ್ ಎನ್ನುತ್ತಾರೆ. ಮಾತು ಹೊರಟರೆ ನಡುವೆ ನಿಲ್ದಾಣವಿಲ್ಲ. ಐದು ವಾರದಿಂದ ಅವನ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ಇವತ್ತು ಮಿಷನ್ನಿನ ಸದ್ದು ನಿಂತಿದ್ದೇ ತಡ, ಕಾಂಪೌಂಡ್ ಹಾರಿ ಬಂದ. ಗೇಟು ತೆರೆದೇ ಇತ್ತು.

“ಪ್ಲಗ್ಗು ಕಣಯ್ಯ, ಪ್ಲಗ್ಗು! ನಾನು ಬಸ್ಸಿನ ಉಸಿರು ಕೇಳೇ ಕಾಯಿಲೆ ಹೇಳ್ತಿದ್ದೆ.”

ಪ್ಲಗ್ ಬಿಚ್ಚಿ, ಉಜ್ಜಿ, ಮುತ್ತಿಕ್ಕುವುದೊಂದು ಬಿಟ್ಟು ಎಲ್ಲ ಮಾಡಿ ಹಾಕಿದ. ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಹೊತ್ತಿಕೊಂಡಿತು. ಎಂಟು ನಿಮಿಷ.

“ಹಂಗಾದ್ರೆ ಪ್ಲಗ್ಗಲ್ಲ” ಎಂದು ಅಷ್ಟೇ ಧೈರ್ಯದಿಂದ ಹೇಳಿ ಹೋದ.

ಊಟ ಎಂದಿನಂತೆ ಅಡುಗೆಮನೆಯಲ್ಲಿ ನಿಂತೇ ಮುಗಿಸಿದೆ. ಮೇಜಿಗೆ ಕೂರುವುದಿಲ್ಲ. ಮೂರು ಕುರ್ಚಿ ಇವೆ.

ಜೂನ್ 8

ಈ ಐದಾರು ವಾರದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಒಂದೇ. ಅದನ್ನಾದರೂ ಬರೆದಿಡುತ್ತೇನೆ.

ಮಿಷನ್ನು ಇಡಲು ಹೊರಗೆ ಜಾಗವಿಲ್ಲ. ತಮ್ಮ ಇದ್ದಾಗಿನಿಂದಲೂ ಊಟದ ಮೇಜಿನ ಹಿಂದಿನ ಮೂಲೆಯೇ ಅದರ ಸ್ಥಳ. ಅವನು ಹೋದ ಮೇಲೆ, ಅವನ ಹೆಂಡತಿ ಊಟಕ್ಕೆ ಕೂತಾಗಲೆಲ್ಲ ಆ ಮೂಲೆಯಿಂದ ಪೆಟ್ರೋಲ್ ವಾಸನೆ ಬರುವುದು. ಅವಳು ತಟ್ಟೆ ಸರಿಸಿ ಮುಖ ತಿರುಗಿಸುವುದು. ನಾಲ್ಕು ದಿನ ನೋಡಿದೆ. ಐದನೆಯ ದಿನ ಅವಳು ಅಂಗಡಿಗೆ ಹೋದಾಗ ನಾಯಿಯ ಹಾಗೆ ಮಿಷನ್ನಿನ ಸುತ್ತ ಮೂಸಿದೆ. ಟ್ಯಾಂಕಿನ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು. ಸವೆದು ಬಿದ್ದದ್ದು. ತೂತು ಬಿದ್ದ ಪೊಟ್ಟಣ ನನ್ನ ಕೌಂಟರ್ ದಾಟಿದ ಉದಾಹರಣೆ ಇಲ್ಲ. ಮುಚ್ಚಳ ಬಿಚ್ಚಿ, ತೊಳೆದು, ಒಣಗಿಸಿ, ಮನೆಯಲ್ಲಿ ಉಳಿದಿದ್ದ ಅರಗಿನ ತುಂಡನ್ನು ಕರಗಿಸಿ ಪಾರ್ಸೆಲ್ಲಿಗೆ ಹಾಕುವ ಹಾಗೆ ಒಂದು ತೊಟ್ಟು ಹಾಕಿ ಅಂಗಿಯ ಗುಂಡಿಯಿಂದ ಒತ್ತಿದೆ. ಕೆಂಪು ಮುಚ್ಚಳಕ್ಕೆ ಕೆಂಪು ಅರಗು. ಮಾಡಿದವನಿಗೇ ಗುರುತು ಸಿಗದು.

ವಾಸನೆ ನಿಂತಿತು. ಅವಳಿಗೆ ಹೇಳಲಿಲ್ಲ. ಇಂಥದ್ದನ್ನೆಲ್ಲ ಹೇಳಿಕೊಂಡು ತಿರುಗಬಾರದು.

ಜೂನ್ 10

ಎಕ್ಸ್‌ಪ್ರೆಸ್ ಯಾರದ್ದೋ ಗೂಡ್ಸ್ ಆಟೋ ತಂದ. ಮಿಷನ್ನನ್ನು ಮೆಕ್ಯಾನಿಕ್ ಅಂಗಡಿಗೆ ಒಯ್ದೆವು. ಮೆಕ್ಯಾನಿಕ್ ಮುಚ್ಚಳ ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟ, ಟಾರ್ಚ್ ಬಿಟ್ಟು ಟ್ಯಾಂಕಿನೊಳಗೆ ನೋಡಿದ, ಹಾಗೇ ಹಗ್ಗ ಎಳೆದ. ಅಯ್ಯೋ, ಏನು ವಿನಯ! ಮೇಷ್ಟ್ರ ಎದುರು ಮಗ್ಗಿ ಒಪ್ಪಿಸುವ ಹಾಗೆ ಅರ್ಧ ಗಂಟೆ ಒಂದೇ ಸಮನೆ ಓಡಿತು. ಸಾಕೆಂದು ಅವನೇ ನಿಲ್ಲಿಸಿ, ಮುಚ್ಚಳ ತಿರುಗಿಸಿ, ಕೈ ಒರೆಸಿಕೊಂಡ.

“ಯಜಮಾನ್ರೇ, ಮಿಷನ್ನಿಗೆ ಏನೂ ಆಗಿಲ್ಲ. ನೀವು ಸ್ವಲ್ಪ ನಿದ್ದೆ ಮಾಡಿ.”

“ಎಂಟು ನಿಮಿಷಕ್ಕೆ ನಿಲ್ಲುತ್ತಪ್ಪಾ. ಬರೆದಿದ್ದೀನಿ ನೋಡು.”

ಪುಸ್ತಕ ತಿರುವಿದ. “ಇದೇನಿದು, ಹೊರಟದ್ದು ತಲುಪಿದ್ದು? ಹುಲ್ಲು ಕತ್ತರಿಸ್ತೀರೋ ರೈಲು ಬಿಡ್ತೀರೋ?”

ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಎಕ್ಸ್‌ಪ್ರೆಸ್ ಎಲ್ಲರಿಗಿಂತ ಜೋರಾಗಿ. ಷರಾ ಕಾಲಂ ಓದುವ ಮೊದಲು ಕಿತ್ತುಕೊಂಡೆ.

ಮನೆಯಲ್ಲಿ ಹೊರಟದ್ದು 4.30. ತಲುಪಿದ್ದು 4.38.

ಜೂನ್ 11

ಪೆಟ್ರೋಲ್ ಕಡಿಮೆಯಾಗಿ ನಿಲ್ಲುತ್ತಿರಬಹುದೆಂದು ಕಂಠಮಟ್ಟ ತುಂಬಿಸಿದೆ. ಐದು ನಿಮಿಷಕ್ಕೇ ನಿಂತಿತು! ಟ್ಯಾಂಕ್ ಅರ್ಧ ಇದ್ದರೆ ಎಂಟು, ತಳದಲ್ಲಿದ್ದರೆ ಹನ್ನೆರಡು. ಹೊಟ್ಟೆ ತುಂಬಿದಷ್ಟೂ ಬೇಗ ಮುನಿಸು. ನೋಡೋಣವೆಂದು ಮುಚ್ಚಳ ತೆಗೆದರೆ ‘ಉಸ್’ ಎಂದಿತು. ಅದಕ್ಕೂ ನನ್ನನ್ನು ನೋಡಿ ಸಾಕಾಗಿದೆ.

ಮುಚ್ಚಿ ಎಳೆದರೆ ಮತ್ತೆ ಹೊತ್ತಿಕೊಂಡಿತು. ಐದು ನಿಮಿಷ.

ಜೂನ್ 13

8.

ಜೂನ್ 14

ಆಸ್ಪತ್ರೆಯಿಂದ ಕೊಟ್ಟ ಚೀಲ ಬೀರುವಿನ ಮೇಲೆ ಹಾಗೇ ಇತ್ತು. ಒಳಗೆ ಮಿಷನ್ನಿನ ಬಗ್ಗೆ ಅವನು ಬರೆದಿಟ್ಟ ಚೀಟಿ ಏನಾದರೂ ಇರಬಹುದೆಂದು ಬಿಚ್ಚಿದೆ. ಕೈಗಡಿಯಾರ (ಅವನಿಗಿತ್ತು), ಕರವಸ್ತ್ರ, ಅಂಗಿ. ಅಂಗಿಯ ಕಾಲರಿಗೆ ಚುಚ್ಚಿದ ಒಂದು ಪಿನ್ನು. ಅವನ ಎಲ್ಲ ಅಂಗಿಗಳಲ್ಲೂ ಕಾಲರಿಗೆ ಒಂದು ಪಿನ್ನು ಇರುತ್ತಿತ್ತು. “ಗುಂಡಿಯೆಲ್ಲ ಸರಿಯಾಗಿದ್ದರೂ ಪಿನ್ನು ಯಾಕೋ, ದರ್ಜಿಗೆ ಹುಟ್ಟಿದವನ ಹಾಗೆ” ಎಂದು ಎಷ್ಟು ಸಲ ಛೇಡಿಸಿದ್ದೇನೆ. ನಗುತ್ತಿದ್ದನೇ ಹೊರತು ಹೇಳಿದವನಲ್ಲ. ನಾನೂ ಛೇಡಿಸಿದೆನೇ ಹೊರತು ಕೇಳಿದವನಲ್ಲ.

ಮಡಚಿ ಹಾಗೇ ಇಟ್ಟೆ. ಚೀಟಿ ಇರಲಿಲ್ಲ.

ಜೂನ್ 16, ಸೋಮವಾರ

ಎಂಟು ನಿಮಿಷವಾದರೆ ಎಂಟು ನಿಮಿಷವೇ ಸರಿ ಎಂದು ಮಿಷನ್ನನ್ನು ಮೈದಾನಕ್ಕೆ ತಳ್ಳಿಕೊಂಡು ಹೋದೆ. ಓಡಿದಷ್ಟು ಕತ್ತರಿಸುವುದು, ನಿಂತಾಗ ಕೂರುವುದು. ಎತ್ತರದ ಹುಲ್ಲಿನಲ್ಲಿ ಆರು ನಿಮಿಷಕ್ಕೇ ನಿಂತಿತು. ಇಡೀ ಬೆಳಿಗ್ಗೆ ಕತ್ತರಿಸಿದ್ದು ಎರಡು ಚಾಪೆ ಹಾಸುವಷ್ಟು ಜಾಗ. ಒಂದು ಹಸು ಬಿಟ್ಟಿದ್ದರೆ ಇದಕ್ಕಿಂತ ಹೆಚ್ಚು ಮೇಯುತ್ತಿತ್ತು, ಇಷ್ಟು ಗಲಾಟೆಯೂ ಇರುತ್ತಿರಲಿಲ್ಲ.

ತಮ್ಮ ನಿಲ್ಲಿಸಿದ ಕಡೆ ಇನ್ನೂ ಕಾಣುತ್ತದೆ. ಒಂದು ಬದಿ ಹುಲ್ಲು ಸೊಂಟದವರೆಗೆ, ಇನ್ನೊಂದು ಬದಿ ಮೊಣಕಾಲವರೆಗೆ. ನಡುವೆ ದಾರ ಹಿಡಿದು ಎಳೆದ ಹಾಗೆ ನೇರ ಗೆರೆ. ಆ ಗೆರೆಯ ತುದಿಗೆ ಹೋಗಲಿಲ್ಲ.

ಹೆಡ್‌ಮೇಡಂ ಮೆಟ್ಟಿಲ ಮೇಲೆ ನಿಂತು ನೋಡಿದರು. “ಶುಕ್ರವಾರದ ತನಕ ನೋಡೋಣ. ಶನಿವಾರ ಬೆಳಿಗ್ಗೆ ಆ ಇನ್ನೊಬ್ಬರು ದೊಡ್ಡ ಮಿಷನ್ನು ತರ್ತಾರಂತೆ” ಎಂದರು. ತಲೆಯಾಡಿಸಿದೆ. ಮಿಷನ್ನು ತಳ್ಳಿಕೊಂಡು ಬರುವಾಗ ದಾರಿಯುದ್ದಕ್ಕೂ ಅದನ್ನು ಬೈದೆ. ಹಣ್ಣಿನ ಅಂಗಡಿಯವಳು “ಯಾರನ್ನ ಬೈತಿದ್ದೀರಿ ಅಣ್ಣಾ?” ಎಂದಳು. ತಮ್ಮನನ್ನ ಎಂದುಬಿಟ್ಟೆ. ಅವಳು ಒಂದು ಹಣ್ಣು ಕೊಟ್ಟಳು.

ಜೂನ್ 17

ಕಾರ್ಬುರೇಟರ್ ಬಿಚ್ಚುವುದೆಂದು ತೀರ್ಮಾನ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಬಿಚ್ಚಿದೆವು. ಎಕ್ಸ್‌ಪ್ರೆಸ್ ಒಂದು ಕುರ್ಚಿಯಲ್ಲಿ, ನಾನು ಒಂದರಲ್ಲಿ. ಮೆಕ್ಯಾನಿಕ್ ಫೋನಿನಲ್ಲಿ, ಸ್ಪೀಕರ್ ಹಾಕಿ.

“ಆ ಸಣ್ಣ ಹಿತ್ತಾಳೆಯದು ಕಾಣ್ತಾ?”

“ಕಾಣ್ತು.”

“ಅದನ್ನ ಮುಟ್ಟಬೇಡಿ.”

“ಬಿಚ್ಚಿಬಿಟ್ಟೆನಲ್ಲಪ್ಪಾ.”

ಎಕ್ಸ್‌ಪ್ರೆಸ್ಸಿಗೆ ನಗು ತಡೆಯಲಾಗದೆ ಮೇಜು ಅಲುಗಾಡಿ ಸ್ಕ್ರೂಗಳೆಲ್ಲ ನೆಲಕ್ಕೆ. ಮೂರನೆಯ ಕುರ್ಚಿಯ ಕೆಳಗೆ ಇಬ್ಬರೂ ತಲೆ ತೂರಿಸಿ ಹುಡುಕುತ್ತಿದ್ದಾಗ ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಹೋಗಿ ಮೂರು ಲೋಟ ಚಹಾ ತಂದಳು. ಕೆಳಗೆ ಬಗ್ಗಿ, ತನ್ನ ಕಾಲ ಬಳಿ ಇದ್ದ ಸ್ಕ್ರೂ ಎತ್ತಿ ಮೇಜಿನ ಮೇಲಿಟ್ಟಳು. ಕೂತು ತನ್ನ ಲೋಟ ಕುಡಿದಳು.

ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅವಳು ಎತ್ತಿಟ್ಟದ್ದೇ ಇರಬೇಕು. ಅದಿಲ್ಲದೆಯೂ ಮಿಷನ್ನು ಎಂಟು ನಿಮಿಷ ಓಡಿತು, ಏನೂ ಕೊರತೆ ಮಾಡಲಿಲ್ಲ.

ಊಟವನ್ನು ಮೇಜಿನ ಮೇಲೇ ಮಾಡಿದೆ. ಪೇಪರ್ ಹಾಸಿದ್ದೆವಲ್ಲ, ಒರೆಸುವ ಕೆಲಸವಿರಲಿಲ್ಲ, ಅಷ್ಟೇ.

ಜೂನ್ 18

ಬರೆಯಲು ನಾಚಿಕೆ. ಬರೆಯುತ್ತೇನೆ.

ಬೆಳಿಗ್ಗೆ ಅಂಗಳದಲ್ಲಿ ಮಿಷನ್ನು ಹೊರಡಿಸುವವನಿದ್ದೆ. ಅವಳು ಬಂದಳು. ಕೈಯಲ್ಲಿ ಆ ಪಿನ್ನು.

“ಭಾವ, ನೀವು ಇದನ್ನ ಮಾಡೋದು ನಾನು ನೋಡಲೇ ಇಲ್ಲ. ಮಾಡ್ತಿದ್ದೀರಾ?”

“ಏನನ್ನಮ್ಮಾ?”

“ಅವರು ದಿನಾ ಹಗ್ಗ ಎಳೆಯೋ ಮೊದಲು ಇದರಲ್ಲಿ ಮುಚ್ಚಳಕ್ಕೊಂದು ಚುಚ್ಚೋರು. ಹುಲ್ಲಿನ ಪುಡಿ ಕೂತು ತೂತು ಮುಚ್ಚಿಹೋಗುತ್ತಂತೆ. ಪೆಟ್ರೋಲ್ ಕೆಳಗೆ ಇಳೀಬೇಕಾದ್ರೆ ಮೇಲಿಂದ ಗಾಳಿ ಹೋಗಬೇಕಂತೆ. ಇಲ್ಲಾಂದ್ರೆ ಕತ್ತು ಹಿಸುಕಿದ ಹಾಗಾಗಿ ನಿಂತೇಹೋಗುತ್ತೆ ಅನ್ನೋರು. ಅದಕ್ಕೇ ಕಾಲರಲ್ಲಿ ಯಾವಾಗಲೂ ಪಿನ್ನು. ಒಗೆಯೋವಾಗ ನನ್ನ ಬೆರಳಿಗೆ ಎಷ್ಟು ಸಲ ಚುಚ್ಚಿದೆ ಅಂತ.”

ಹಿಡಿದಿದ್ದ ಹಗ್ಗವನ್ನು ಕೈಬಿಟ್ಟೆ.

ಅವಳು ಬಗ್ಗಿ ಮುಚ್ಚಳ ನೋಡಿದಳು. ಬೆರಳಾಡಿಸಿದಳು. “ತೂತೇ ಇಲ್ಲವಲ್ಲ ಭಾವ. ಇಲ್ಲೇ ಇತ್ತು, ನಡುವೆ.” ಉಗುರಿನಿಂದ ಕೆರೆದಳು. ಉಗುರಿಗೆ ಕೆಂಪು ಪುಡಿ ಅಂಟಿತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮೂವತ್ತೊಂದು ವರ್ಷ ನನ್ನ ಬೆರಳ ತುದಿಗಳಲ್ಲಿ ಇದ್ದ ಕೆಂಪು ಅದು. ಈ ಮನೆಗೆ ಬಂದ ದಿನದಿಂದ ಕಂಡವಳು.

“ಅರಗಾ?”

ತಲೆಯಾಡಿಸಿದೆ.

“ಮುಚ್ಚಳಕ್ಕೆ ಅರಗಿನ ಮುದ್ರೆ ಹಾಕಿದ್ದೀರಾ?”

“ಗುಂಡಿಯಿಂದ ಒತ್ತಿದೆ. ಮುದ್ರೆ ಕಚೇರಿಯದಲ್ವಾ, ನಿವೃತ್ತಿಯಾದಾಗ ವಾಪಸ್ ಕೊಡಬೇಕಾಯ್ತು.”

ಅವಳು ಮೆಟ್ಟಿಲ ಮೇಲೆ ಕುಸಿದಳು. ನನಗೆ ಗಾಬರಿ. ನೋಡಿದರೆ ನಗು. ಸದ್ದಿಲ್ಲದೆ ಶುರುವಾಗಿ, ಹೊಟ್ಟೆ ಹಿಡಿದುಕೊಂಡು, ಸೆರಗು ಬಾಯಿಗೆ ತುರುಕಿಕೊಂಡು, ಅಮ್ಮಾ ಅಯ್ಯೋ ಎನ್ನುತ್ತಾ. ಎಕ್ಸ್‌ಪ್ರೆಸ್ ಕಿಟಕಿ ತೆರೆದು “ಏನಾಯ್ತು?” ಎಂದು ಕೂಗಿದ. “ಭಾವ ಮಿಷನ್ನನ್ನ ಪಾರ್ಸೆಲ್ ಮಾಡಿದ್ದಾರೆ!” ಎಂದಳು. ಇನ್ನು ಬೀದಿಗೆಲ್ಲ ಗೊತ್ತಾದಂತೆಯೇ.

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: “ಯಾಕೆ ಭಾವ?”

ಹೇಳಿದೆ. ವಾಸನೆಗೆ ನೀನು ಊಟ ಬಿಟ್ಟು ಮುಖ ತಿರುಗಿಸುತ್ತಿದ್ದೆಯಲ್ಲ, ಅದಕ್ಕೆ ಎಂದೆ.

ಅವಳು ಬಹಳ ಹೊತ್ತು ಪಿನ್ನನ್ನು ಬೆರಳ ನಡುವೆ ತಿರುಗಿಸಿದಳು.

“ಅಳು ಬರೋದು ಭಾವ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ತಿರುಗ್ತಿದ್ದೆ. ಆ ವಾಸನೆ ಬಂದ್ರೆ ಇನ್ನೂ ಇಲ್ಲೇ ಎಲ್ಲೋ ಕೈ ತೊಳೀತಿದ್ದಾರೆ ಅನ್ನಿಸೋದು. ಒಂದು ದಿನ ಇದ್ದಕ್ಕಿದ್ದ ಹಾಗೆ ಅದೂ ಹೋಯ್ತು. ಇಷ್ಟೇನಾ, ವಾಸನೆಯೂ ಒಂದು ತಿಂಗಳು ಇರಲ್ವಾ ಅಂತ ಎಷ್ಟು ಅತ್ತೆ ಗೊತ್ತಾ?”

“ನನಗೆ ಹೇಳಬಾರದಿತ್ತೇನಮ್ಮಾ.”

“ನೀವು ಕೇಳಬಾರದಿತ್ತಾ.”

ಪಿನ್ನು ನನ್ನ ಕೈಗೆ ಕೊಟ್ಟಳು. ಮುಚ್ಚಳ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಅರಗನ್ನು ಕೆದಕಿದೆ. ನನ್ನ ಕೆಲಸ ಗಟ್ಟಿ. ಕಾಲು ಗಂಟೆ ಹಿಡಿಯಿತು. ಕೊನೆಗೆ ತೂತಿನಾಚೆ ಬೆಳಕು ಕಂಡಿತು.

ಹೊರಟದ್ದು 9.20. ತಲುಪಿದ್ದು 9.46. ಷರಾ: ತಳದಲ್ಲಿದ್ದ ಪೆಟ್ರೋಲ್ ಪೂರಾ ಕುಡಿದು ನಿಂತಿತು. ಅದು ನ್ಯಾಯ.

ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದೆ. ಹೇಳದೆ ಇರಬಹುದಿತ್ತು. ಅವನು ತನ್ನ ಅಂಗಡಿಯವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದ. ಇನ್ನೊಮ್ಮೆಯೂ ಹೇಳಿದೆ.

ಜೂನ್ 19, ಗುರುವಾರ

ಬೆಳಕು ಹರಿಯುವಾಗಲೇ ಮೈದಾನದಲ್ಲಿದ್ದೆವು. ನಾನು, ಅವಳು, ಯಾರೂ ಕರೆಯದ ಎಕ್ಸ್‌ಪ್ರೆಸ್. ಮುಚ್ಚಳಕ್ಕೆ ಚುಚ್ಚಿ, ಪಿನ್ನನ್ನು ನನ್ನ ಕಾಲರಿಗೆ ಸಿಕ್ಕಿಸಿಕೊಂಡೆ. ಇಲ್ಲದಿದ್ದರೆ ಕಳೆದುಹೋಗುತ್ತದೆ.

ಎಂಟನೆಯ ನಿಮಿಷಕ್ಕೆ ನನ್ನ ಹೆಗಲು ತಾನಾಗಿ ಬಿಗಿಯಿತು. ಒಂಬತ್ತಾಯಿತು. ಹತ್ತಾಯಿತು. ನಾನು ನಿಲ್ಲಬಹುದೇ ಹೊರತು ಅದು ನಿಲ್ಲುವ ಲಕ್ಷಣವಿರಲಿಲ್ಲ. ಎತ್ತರದ ಹುಲ್ಲಿಗೆ ಮೂತಿ ಸ್ವಲ್ಪ ಎತ್ತಿ ತಳ್ಳಬೇಕು, ತಮ್ಮ ಹಾಗೇ ಮಾಡುತ್ತಿದ್ದ ಎಂದು ಅವಳು ಪಕ್ಕದಲ್ಲೇ ನಡೆಯುತ್ತಾ ಕೂಗಿ ಹೇಳಿಕೊಟ್ಟಳು. ನನ್ನ ಸಾಲುಗಳು ಹಾವು ಹೋದ ಹಾಗೆ. ಅವಳು ಹಿಡಿದಾಗ ನೇರವಾದವು. ಆಮೇಲೆ ಬಹುಪಾಲು ಅವಳೇ ಹಿಡಿದಳು. ನಡುವೆ ಒಮ್ಮೆ ಪೆಟ್ರೋಲ್ ಮುಗಿಯಿತು; ತುಂಬಿಸಿದೆವು. ಎಕ್ಸ್‌ಪ್ರೆಸ್ ತಿಂಡಿಗೆಂದು ಮನೆಗೆ ಹೋದ.

ತಮ್ಮನ ಗೆರೆಯ ತುದಿಗೆ ಬಂದಾಗ ಇಬ್ಬರೂ ಹಿಡಿಗೆ ಕೈ ಹಾಕಿದ್ದೆವು. ಅಲ್ಲಿ ಏನೂ ಇರಲಿಲ್ಲ. ಹುಲ್ಲಿತ್ತು. ಕತ್ತರಿಸಿದೆವು. ಗೆರೆ ಹೋಯಿತು.

ಮೈದಾನ ಮುಗಿಯಿತು. ಮಿಷನ್ನು ಮುಗಿಯಲಿಲ್ಲ. ಆಗ ನನಗೆ ಹೊಳೆಯಿತು: ಇದನ್ನು ನಿಲ್ಲಿಸುವುದು ಹೇಗೆಂದೇ ನನಗೆ ಗೊತ್ತಿಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ನಿಲ್ಲಿಸುವ ಪ್ರಸಂಗ ಬಂದಿರಲಿಲ್ಲ! ಹಿಡಿಯ ಬಳಿ ಒಂದು ಸಣ್ಣ ಸರಳು, ಅದರ ಮೇಲೆ ಮೊಲ, ಕೆಳಗೆ ಆಮೆ. ಶಾಲೆಯ ಮಕ್ಕಳು ಅಂಟಿಸಿದ ಚಿತ್ರ ಎಂದುಕೊಂಡಿದ್ದೆ.

“ನಿಲ್ಲಿಸೋದು ಹೇಗಮ್ಮಾ?”

“ಮೊಲ ಅಂದ್ರೆ ಜೋರು, ಆಮೆ ಅಂದ್ರೆ ನಿಧಾನ. ನಿಲ್ಲಿಸೋಕೆ ಆಮೆಗಿಂತ ಕೆಳಗೆ ಎಳೀಬೇಕು” ಎಂದು ಕೈ ಮುಂದೆ ಮಾಡಿದವಳು ತಡೆದಳು. “ಇರಲಿ ಬಿಡಿ ಭಾವ. ಸ್ವಲ್ಪ ಹೊತ್ತು ಓಡಲಿ.”

ಮಿಷನ್ನಿನ ಈ ಬದಿ ನಾನು ಕೂತೆ, ಆ ಬದಿ ಅವಳು. ಕತ್ತರಿಸಿದ ಹುಲ್ಲಿನ ವಾಸನೆ, ಪೆಟ್ರೋಲ್ ವಾಸನೆ. ಅವಳು ಮುಖ ತಿರುಗಿಸಲಿಲ್ಲ. ಅತ್ತಳು, ನನ್ನ ಎದುರೇ. ನಾನು ಕರವಸ್ತ್ರ ಕೊಡಲು ಹೋದೆ. ಅದು ಬೇಕಾದದ್ದು ನನಗೂ ಎಂದು ತಿಳಿದು ಅರ್ಧ ನಾನೇ ಇಟ್ಟುಕೊಂಡೆ.

ಆಗ ಹೆಡ್‌ಮೇಡಂ ಓಡಿ ಬಂದರು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಇನ್ನೂ ಪೆನ್ನು, ಮುಖ ಬಿಳಿಚಿಕೊಂಡಿದೆ. ಸದ್ದು ಒಂದೇ ಕಡೆಯಿಂದ ಬರುತ್ತಿತ್ತಂತೆ, ಅಲುಗದೆ.

“ಏನಾಯ್ತು? ಏನಾಯ್ತು?”

“ಏನೂ ಇಲ್ಲ ಮೇಡಂ” ಎಂದಳು ತಮ್ಮನ ಹೆಂಡತಿ. “ಕೂತಿದ್ದೀವಿ.”

ಮೇಡಂ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. ಮೈದಾನ ನೋಡಿದರು. ಆಮೇಲೆ ಅವರೂ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು, ಸೀರೆಯ ಗೊಡವೆಯಿಲ್ಲದೆ. ಅವರ ಉಸಿರು ಹತೋಟಿಗೆ ಬಂತು.

“ಮುಂದಿನ ತಿಂಗಳು ಯಾವ ದಿನ ಬರ್ತೀರಿ?” ಎಂದು ಕೇಳಿದರು.

ನಾನು ಅವಳ ಮುಖ ನೋಡಿದೆ. ಕೇಳಿಯೇಬಿಟ್ಟೆ: “ಯಾವ ದಿನ ಬರೋಣಮ್ಮಾ?”

ಸೋಮವಾರ ಎಂದಳು.

ಎದ್ದು, ಸರಳನ್ನು ಆಮೆಗಿಂತ ಕೆಳಗೆ ಎಳೆದಳು.

ಹೊರಟದ್ದು 6.15. ತಲುಪಿದ್ದು 10.05. ಷರಾ: ನಾವೇ ನಿಲ್ಲಿಸಿದ್ದು.